ಆಯವ್ಯಯ ಮೀಮಾಂಸೆ: ಗ್ರಾಮ ಪಂಚಾಯಿತಿ ಸದಸ್ಯರ ತತ್ತ್ವಚಿಂತನೆಗೆ ಒಂದು ಪ್ರವೇಶಿಕೆ

ಭಾರತೀಯ ದರ್ಶನಗಳನ್ನು ಆರೆಂದು ಎಣಿಸುವ ಪರಿಪಾಠವಿದ್ದು, ಏಳನೆಯದಾದ ಆಯವ್ಯಯ ದರ್ಶನವನ್ನು ವಿದ್ವಾಂಸರು ಇದುವರೆಗೆ ಗಮನಿಸದೆ ಬಿಟ್ಟಿರುವುದಕ್ಕೆ ಅದರ ಮೂಲಗ್ರಂಥಗಳು ತಾಳೆಗರಿಯಲ್ಲಿರದೆ ಪಂಚಾಯಿತಿ ಕಚೇರಿಯ ಕಬ್ಬಿಣದ ಬೀರುವಿನಲ್ಲಿರುವುದೂ, ಆ ಬೀರುವಿನ ಬೀಗದ ಕೈ ಹಿಂದಿನ ಕಾರ್ಯದರ್ಶಿಗಳ ವರ್ಗಾವಣೆಯೊಂದಿಗೆ ಹೊರಟುಹೋಗಿರುವುದೂ ಕಾರಣವಾಗಿರಬಹುದು. ಸಂವಿಧಾನದ 73ನೇ ತಿದ್ದುಪಡಿ 1993ರ ಏಪ್ರಿಲ್ 24ರಂದು ಜಾರಿಗೆ ಬಂದು, ಅದರ ಬೆನ್ನಿಗೇ ಕರ್ನಾಟಕದ ಪಂಚಾಯತ್ ರಾಜ್ ಅಧಿನಿಯಮವೂ ಅದೇ ವರ್ಷದ ಮೇ ತಿಂಗಳಲ್ಲಿ ಜಾರಿಯಾದ ಮೇಲೆ ಈ ದರ್ಶನ ಇಂದಿನ ಸ್ವರೂಪವನ್ನು ಪಡೆಯಿತು. ಅಂದಿನ ಪಂಚಾಯತ್ ರಾಜ್ ಸಚಿವ ಅಬ್ದುಲ್ ನಜೀರ್ ಸಾಬರು ರೂಪಿಸಿದ 1983ರ ಕಾಯ್ದೆ ಮತ್ತು ಅದರಡಿ 1987ರಲ್ಲಿ ಚುನಾಯಿತವಾದ ಜಿಲ್ಲಾ ಪರಿಷತ್ತು, ಮಂಡಲ ಪಂಚಾಯಿತಿಗಳು ಇದರ ಪೂರ್ವಮೀಮಾಂಸೆಯೆನಿಸಿದ್ದು, ಆ ಘಟ್ಟದಲ್ಲಿ ಹಣವೂ ಅಧಿಕಾರವೂ ನಿಜವಾಗಿಯೇ ಕೆಳಗಿಳಿದಿದ್ದವೆಂಬ ಐತಿಹ್ಯವನ್ನು ಹಳೆಯ ಸದಸ್ಯರು ಇಂದಿಗೂ ನಂಬುತ್ತಾರೆ.

ಯಾವ ದರ್ಶನದಲ್ಲಿಯೂ ಮೊದಲು ಪ್ರಮಾಣವಿಚಾರ, ಎಂದರೆ ಯಾವ ಆಧಾರದ ಮೇಲೆ ಒಂದನ್ನು ನಿಜವೆಂದು ಒಪ್ಪಬೇಕೆಂಬುದರ ನಿರ್ಣಯ, ಆಗಬೇಕಾಗುತ್ತದೆ. ನೈಯಾಯಿಕರು ಪ್ರತ್ಯಕ್ಷ, ಅನುಮಾನ, ಉಪಮಾನ, ಶಬ್ದಗಳೆಂಬ ನಾಲ್ಕು ಪ್ರಮಾಣಗಳನ್ನು ಒಪ್ಪಿದರೆ, ಆಯವ್ಯಯ ದರ್ಶನವು ಎಂ.ಬಿ. ಎಂಬ ಒಂದನ್ನೇ ಒಪ್ಪುತ್ತದೆ. ಕಾಮಗಾರಿಯ ಉದ್ದ, ಅಗಲ, ಆಳಗಳನ್ನು ಕಿರಿಯ ಎಂಜಿನಿಯರ್ ಬರೆದಿಡುವ ಅಳತೆ ಪುಸ್ತಕಕ್ಕೆ ಎಂ.ಬಿ. ಎಂದು ಹೆಸರು. ಸದಸ್ಯರೇ ಸ್ವತಃ ಕಾಲು ಜಾರಿ ಬಿದ್ದ ಚರಂಡಿಯಾದರೂ ಎಂ.ಬಿ.ಯಲ್ಲಿ ದಾಖಲಾಗಿಲ್ಲವಾದರೆ ಅದು ಅಸತ್, ಎಂ.ಬಿ.ಯಲ್ಲಿ ದಾಖಲಾದ ಚರಂಡಿ ಊರಿನಲ್ಲಿ ಯಾರ ಕಣ್ಣಿಗೂ ಬೀಳದಿದ್ದರೂ ಸತ್, ಮತ್ತು ಮುಂದಿನ ವರ್ಷದ ಆಯವ್ಯಯದಲ್ಲಿ ಅದಕ್ಕೆ ದುರಸ್ತಿ ವೆಚ್ಚವನ್ನೂ ತೋರಿಸತಕ್ಕದ್ದು. ಉದ್ಯೋಗ ಖಾತರಿಯ ಕಾಮಗಾರಿಗಳಿಗೆ ಕೆಲಸಕ್ಕೆ ಮುನ್ನ, ಕೆಲಸ ನಡೆಯುವಾಗ, ಕೆಲಸ ಮುಗಿದ ಮೇಲೆ ಎಂದು ಮೂರು ಹಂತದ ಜಿಯೊಟ್ಯಾಗ್ ಫೋಟೊ ಕಡ್ಡಾಯವಾದಾಗ ಪ್ರತ್ಯಕ್ಷ ಪ್ರಮಾಣಕ್ಕೆ ಮರುಜೀವ ಬಂದಿತೆಂದು ಒಂದು ಪಂಥದವರು ಸಂಭ್ರಮಿಸಿದರಾದರೂ, ಅಂಥ ಫೋಟೊ ಸಾಕ್ಷಿ ನುಡಿಯುವುದು ಅಕ್ಷಾಂಶ ರೇಖಾಂಶಗಳಿಗೇ ಹೊರತು ಸಿಮೆಂಟಿಗಲ್ಲವೆಂಬುದನ್ನು ಗುತ್ತಿಗೆದಾರರು ಬೇಗನೆ ಮನಗಂಡರು.

ಇನ್ನು ಆಯವಿಚಾರ. ಪಂಚಾಯಿತಿಯ ಸ್ವಂತ ಆದಾಯದಲ್ಲಿ ಮನೆ ಕಂದಾಯವೇ ಮುಖ್ಯವಾದುದು. ಅದರ ಪ್ರತಿ 100 ರೂಪಾಯಿಯ ಮೇಲೆ ಆರೋಗ್ಯಕ್ಕೆಂದು 15, ಶಿಕ್ಷಣಕ್ಕೆಂದು 10, ಗ್ರಂಥಾಲಯಕ್ಕೆಂದು 6, ಭಿಕ್ಷುಕರ ಪುನರ್ವಸತಿಗೆಂದು 3 ರೂಪಾಯಿ ಕರಗಳನ್ನು ಸೇರಿಸಿ ವಸೂಲು ಮಾಡಬೇಕಾಗಿದ್ದು, ಈ 34 ರೂಪಾಯಿ ಪಂಚಾಯಿತಿಯದಲ್ಲ, ಆಯಾ ಇಲಾಖೆಗಳದು. ಬೇರೆಯವರಿಗಾಗಿ ಕೈಯೊಡ್ಡುವ ಈ ಧರ್ಮವನ್ನು ಸದಸ್ಯರು ಸೈದ್ಧಾಂತಿಕವಾಗಿ ಒಪ್ಪಿದರೂ, ಕೈಗೆ ಬಂದ ಭಿಕ್ಷುಕರ ಕರವನ್ನು ಸಂಬಂಧಪಟ್ಟ ಖಾತೆಗೆ ಜಮೆ ಮಾಡುವ ಮೊದಲು, ಸದ್ಯದ ಸ್ಥಿತಿಯಲ್ಲಿ ಆ ಹಣಕ್ಕೆ ಪಂಚಾಯಿತಿಗಿಂತ ಅರ್ಹರು ಯಾರೆಂಬ ಪ್ರಶ್ನೆಯನ್ನು ಹಲವು ವರ್ಷ ಪರಿಶೀಲನೆಯಲ್ಲಿ ಇಟ್ಟುಕೊಳ್ಳುವುದುಂಟು. ಬೇಡಿಕೆ, ವಸೂಲಿ, ಬಾಕಿ ಎಂಬ ಮೂರು ಅಂಕಣಗಳಿರುವ ವಹಿಯಲ್ಲಿ ಮೊದಲನೆಯದು ಸೃಷ್ಟಿ, ಎರಡನೆಯದು ಮಾಯೆ, ಮೂರನೆಯದೊಂದೇ ನಿತ್ಯ. ಮತದಾರನೂ ತೆರಿಗೆದಾರನೂ ಒಬ್ಬನೇ ಆಗಿರುವುದೂ, ಅವನು ಬಹಳ ಸಲ ಸದಸ್ಯರ ಸೋದರಮಾವನಾಗಿರುವುದೂ ಈ ನಿತ್ಯತೆಗೆ ಕಾರಣ. ಬಿಲ್ ಕಲೆಕ್ಟರರು ಬಾಗಿಲಿಗೆ ಹೋದಾಗ ಮಾವನು ಹೇಳುವ ಉತ್ತರವನ್ನು, ಮುಂದಿನ ಸಾಮಾನ್ಯ ಸಭೆಯಲ್ಲಿ ಬರಗಾಲದ ಹಿನ್ನೆಲೆಯಲ್ಲಿ ವಸೂಲಿಗೆ ಕಾಲಾವಕಾಶ ನೀಡುವ ನಿರ್ಣಯವೆಂಬ ರೂಪದಲ್ಲಿ ಓದಬಹುದು.

ವ್ಯಯವಿಚಾರದಲ್ಲಿ ಎದುರಾಗುವ ಮೊದಲ ಪ್ರಶ್ನೆ ಇಚ್ಛಾಸ್ವಾತಂತ್ರ್ಯದ್ದು. ಸಂವಿಧಾನದ ಹನ್ನೊಂದನೇ ಅನುಸೂಚಿ 29 ವಿಷಯಗಳನ್ನು ಪಂಚಾಯಿತಿಗಳ ಎದುರು ಹರವಿಟ್ಟಿರುವುದರಿಂದ ಹೊಸ ಸದಸ್ಯರಿಗೆ ತಾವು ಕರ್ತೃಗಳೆಂಬ ಭ್ರಮೆ ಉಂಟಾಗುತ್ತದೆ. ಆದರೆ 2021ರಿಂದ 2026ರವರೆಗಿನ 15ನೇ ಹಣಕಾಸು ಆಯೋಗದ ಅನುದಾನದಲ್ಲಿ ಶೇ 60ರಷ್ಟು ನಿರ್ಬಂಧಿತ, ಎಂದರೆ ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೆ ಕಟ್ಟಿಹಾಕಿದ್ದಾಗಿತ್ತು. ರಾಜ್ಯದ ಶಾಸನಬದ್ಧ ಅನುದಾನದ ಬಹುಭಾಗ ಬೋರ್‌ವೆಲ್ಲು ಮತ್ತು ಬೀದಿದೀಪಗಳ ಕರೆಂಟ್ ಬಿಲ್ಲಿನ ಬಾಬ್ತು ವಿದ್ಯುತ್ ಕಂಪನಿಗಳಿಗೇ ಕಟ್ಟಬೇಕಾದುದು. ಪರಿಶಿಷ್ಟರ ಅಭಿವೃದ್ಧಿಗೆ ಶೇ 24.10, ಅಂಗವಿಕಲರಿಗೆ ಶೇ 5 ಮೀಸಲಿಡಲೇಬೇಕಾದುದು, ಮತ್ತು ಇವು ಮೀಸಲಿಡದೆ ಬಿಟ್ಟರೆ ಯಾರೂ ತಾವಾಗಿ ಕೊಡದ ಹಣವಾದ್ದರಿಂದ ಈ ನಿಯಮ ನ್ಯಾಯವಾದದ್ದೂ ಹೌದು. ಇವೆಲ್ಲವನ್ನೂ ಕಳೆದು ಸಿಬ್ಬಂದಿ ವೇತನವನ್ನೂ ತೆಗೆದ ಮೇಲೆ ಉಳಿಯುವ ಶೇಷಕ್ಕೆ ಮಾತ್ರ ಸದಸ್ಯರು ಕರ್ತೃಗಳು. ಉಳಿದುದೆಲ್ಲಕ್ಕೂ ಅವರು ಸಾಕ್ಷಿಗಳು. ಊರಿನ ಜನ ಬೈಯುವಾಗ ಮಾತ್ರ ಕರ್ತೃ ಮತ್ತು ಸಾಕ್ಷಿಯ ನಡುವಿನ ಈ ಸೂಕ್ಷ್ಮ ವ್ಯತ್ಯಾಸವನ್ನು ಗಣನೆಗೆ ತೆಗೆದುಕೊಳ್ಳುವುದಿಲ್ಲ.

ಈ ಶೇಷದ ವಿನಿಯೋಗದಲ್ಲಿ ಕರ್ನಾಟಕದ ಸದಸ್ಯರು ಸ್ವತಂತ್ರವಾಗಿ ಕಂಡುಕೊಂಡ ಸಿದ್ಧಾಂತಕ್ಕೆ ತಲಾವಾದ ಎನ್ನಬಹುದು. ಲಭ್ಯವಿರುವ ಮೊತ್ತವನ್ನು ಊರಿನ ಅಗತ್ಯದಿಂದ ಭಾಗಿಸದೆ ಸದಸ್ಯರ ಸಂಖ್ಯೆಯಿಂದ ಭಾಗಿಸಿ, ತಲಾ ಇಷ್ಟೆಂದು ಹಂಚಿಕೊಂಡು, ಅದನ್ನೇ ಕ್ರಿಯಾಯೋಜನೆ ಎಂದು ಬರೆದು ಮೇಲಕ್ಕೆ ಕಳಿಸುವುದು ಇದರ ತಿರುಳು. ಇಲ್ಲಿ ಪಕ್ಷಭೇದವಿಲ್ಲ, ಬಡಾವಣೆಭೇದವಿಲ್ಲ. ಎಲ್ಲರೂ ಸಮಾನವಾಗಿ ಅತೃಪ್ತರಾಗಿರುವುದರಿಂದ ಜಗಳವೂ ಇಲ್ಲ. ಈ ಸಿದ್ಧಾಂತದ ಪರಿಪೂರ್ಣ ಶಿಲ್ಪವೆಂದರೆ ಮೇಲಿನ ಬೀದಿಯಲ್ಲಿ ಹುಟ್ಟಿ, ಒಂದು ವಾರ್ಡಿನ ಗಡಿಯವರೆಗೆ ಕಾಂಕ್ರೀಟಿನಲ್ಲಿ ಹರಿದು, ಗಡಿಯಲ್ಲಿ ಥಟ್ಟನೆ ನಿಂತುಬಿಡುವ ಚರಂಡಿ. ಅದರಾಚೆಗಿನ ಸದಸ್ಯರ ಪಾಲಿನ ಹಣ ಆ ವರ್ಷ ಬಸ್ ತಂಗುದಾಣದ ಸುಣ್ಣಬಣ್ಣಕ್ಕೋ ಸ್ಮಶಾನದ ಕಮಾನಿಗೋ ಹೋಗಿರುವುದರಿಂದ, ನೀರು ಅಲ್ಲಿಂದ ಮುಂದೆ ತನ್ನ ಸ್ವಂತ ಸಂಪನ್ಮೂಲದಿಂದಲೇ ದಾರಿ ಹುಡುಕಿಕೊಳ್ಳಬೇಕಾಗುತ್ತದೆ. ನೀರಿಗೆ ವಾರ್ಡು ಸಂಖ್ಯೆ ತಿಳಿಯದಿರುವುದು ಎಂಜಿನಿಯರಿಂಗ್ ಶಾಸ್ತ್ರದ ದೋಷವೋ ಕ್ಷೇತ್ರ ವಿಂಗಡಣೆಯ ದೋಷವೋ ಎಂಬ ಚರ್ಚೆ ಮಳೆಗಾಲದಲ್ಲಿ ತೀವ್ರವಾಗಿ, ದೀಪಾವಳಿಯ ಹೊತ್ತಿಗೆ ಶಮನವಾಗುತ್ತದೆ. ಹರಿವ ನೀರಿನ ಕಡೆಯಿಂದ ಇಡೀ ಊರಿನ ನಕ್ಷೆಯನ್ನು ಒಮ್ಮೆ ನೋಡಿ, ಮೊದಲ ವರ್ಷ ಕೆಳಗಿನ ವಾರ್ಡು, ಮರುವರ್ಷ ಮೇಲಿನದು ಎಂದು ಸರದಿ ಹಾಕಿಕೊಂಡರೆ ಸಾಕೆಂದು ಯಾವನೋ ಒಬ್ಬ ವಾಟರ್‌ಮನ್ ಹೇಳುವುದುಂಟಾದರೂ, ಅವನಿಗೆ ಸಭೆಯಲ್ಲಿ ಆಸನವಿಲ್ಲ.

ಹಣ ಪಾವತಿಯಾಗಲು ಅಧ್ಯಕ್ಷರದೂ ಪಂಚಾಯತ್ ಅಭಿವೃದ್ಧಿ ಅಧಿಕಾರಿಯದೂ, ಎಂದರೆ ಪಿಡಿಒ ಅವರದೂ, ಒಪ್ಪಿಗೆ ಬೇಕು. ಒಬ್ಬರು ಇನ್ನೊಬ್ಬರ ಮೇಲೆ ಕಣ್ಣಿಟ್ಟಿರಲೆಂಬ ಈ ವ್ಯವಸ್ಥೆ ಶುದ್ಧ ದ್ವೈತ. ಸಹಿಯ ಜಾಗಕ್ಕೆ ಡಿಜಿಟಲ್ ಕೀ, ಜನರ ಮಾತಿನಲ್ಲಿ ಡೋಂಗಲ್, ಬಂದ ಮೇಲೆ ಎರಡು ಡೋಂಗಲ್‌ಗಳೂ ಒಂದೇ ಮೇಜಿನ ಒಂದೇ ಡ್ರಾಯರಿನಲ್ಲಿ ನೆಲೆಸಿ ಅದ್ವೈತ ಸಿದ್ಧಿಯಾದ ನಿದರ್ಶನಗಳುಂಟು. ಸ್ಥಾನಗಳಲ್ಲಿ ಅರ್ಧದಷ್ಟು ಮಹಿಳೆಯರಿಗೆ ಮೀಸಲಾಗಿರುವ ರಾಜ್ಯದಲ್ಲಿ, ಅಧ್ಯಕ್ಷೆ ಸಹಿ ಮಾಡಿ ಆಕೆಯ ಗಂಡ ಉತ್ತರ ಹೇಳುವ ವಿಶಿಷ್ಟಾದ್ವೈತವನ್ನೂ ಕಾಣಬಹುದು. ಸಹಿಗೆ ಮುನ್ನ ವೋಚರನ್ನು ತಾವೇ ಓದತೊಡಗಿದ ಅಧ್ಯಕ್ಷೆಯರಿರುವ ಕಡೆಗಳಲ್ಲಿ ಈ ಮತಕ್ಕೆ ಅನುಯಾಯಿಗಳು ಕಡಿಮೆಯಾಗುತ್ತಿದ್ದಾರೆ.

ಉತ್ತರದಾಯಿತ್ವ, ಎಂದರೆ ಕೇಳಿದವರಿಗೆ ಲೆಕ್ಕ ಒಪ್ಪಿಸುವ ಹೊಣೆ, ಈ ದರ್ಶನದಲ್ಲಿ ವೃತ್ತಾಕಾರದ್ದು. ಬೀದಿದೀಪ ಉರಿಯುತ್ತಿಲ್ಲವೇಕೆಂದು ಕೇಳಿದರೆ ಸದಸ್ಯರು ಪಿಡಿಒ ಅವರನ್ನು ತೋರಿಸುತ್ತಾರೆ. ಪಿಡಿಒ ತಾಲ್ಲೂಕು ಪಂಚಾಯಿತಿಯ ಕಾರ್ಯನಿರ್ವಾಹಕ ಅಧಿಕಾರಿಯನ್ನು, ಅವರು ಜಿಲ್ಲಾ ಪಂಚಾಯಿತಿಯನ್ನು, ಅದು ಬೆಂಗಳೂರಿನ ಇಲಾಖೆಯನ್ನು, ಇಲಾಖೆಯು ದಿಲ್ಲಿಯ ಮಾರ್ಗಸೂಚಿಯನ್ನು ತೋರಿಸಿದರೆ, ಮಾರ್ಗಸೂಚಿಯಲ್ಲಿ ಇಂಥ ವಿಷಯಗಳನ್ನು ಗ್ರಾಮಸಭೆಯೇ ತೀರ್ಮಾನಿಸತಕ್ಕದ್ದೆಂದು ಬರೆದಿರುತ್ತದೆ. ಗ್ರಾಮಸಭೆಗೆ ಮತದಾರರ ಹತ್ತನೇ ಒಂದು ಭಾಗ ಅಥವಾ 100 ಮಂದಿ, ಯಾವುದು ಕಡಿಮೆಯೋ ಅಷ್ಟು ಕೋರಂ ಬೇಕಾಗಿದ್ದು, ದೀಪವಿಲ್ಲದ ಬೀದಿಯವರು ಕೂಲಿಯಿಂದ ಹಿಂದಿರುಗುವ ಮೊದಲೇ ಸಭೆಯನ್ನು ಮುಂದೂಡಿರುವುದರಿಂದ ಪ್ರಶ್ನೆ ತನ್ನ ಮೂಲಸ್ಥಾನಕ್ಕೆ ಸುರಕ್ಷಿತವಾಗಿ ಮರಳುತ್ತದೆ. ವರ್ಷಕ್ಕೊಮ್ಮೆ ವಹಿಗಳನ್ನು ಜನರ ಮುಂದೆ ಓದಿ, ಕಾಮಗಾರಿಗಳನ್ನು ಸ್ಥಳದಲ್ಲಿಯೇ ತೋರಿಸುವ ಜಮಾಬಂದಿ ಎಂಬ ಏರ್ಪಾಡೂ ಇದೆ. ಇದು ನಿಜಕ್ಕೂ ಒಳ್ಳೆಯ ಏರ್ಪಾಡಾಗಿರುವುದರಿಂದ ಇದನ್ನು ಆದಷ್ಟು ಬೇಗ ಮುಗಿಸುವ ರೂಢಿಯಿದೆ.

ಜಿಲ್ಲಾ ಮತ್ತು ತಾಲ್ಲೂಕು ಪಂಚಾಯಿತಿಗಳ ಮಟ್ಟದಲ್ಲಿ ಈ ದರ್ಶನ ಶೂನ್ಯವಾದಕ್ಕೆ ಏರಿದೆ. ಅಲ್ಲಿನ ಸದಸ್ಯರ ಅವಧಿ 2021ರಲ್ಲಿ ಮುಗಿದ ಮೇಲೆ ಕ್ಷೇತ್ರ ವಿಂಗಡಣೆ, ಮೀಸಲಾತಿ ಪಟ್ಟಿ, ನ್ಯಾಯಾಲಯದ ವ್ಯಾಜ್ಯಗಳ ನಡುವೆ ವರ್ಷಗಟ್ಟಲೆ ಚುನಾವಣೆ ನಡೆಯದೆ, ಆಡಳಿತಾಧಿಕಾರಿಗಳೇ ಆಯವ್ಯಯವನ್ನು ಮಂಡಿಸಿ, ತಾವೇ ಚರ್ಚಿಸಿ, ತಾವೇ ಅಂಗೀಕರಿಸುವ ಸ್ಥಿತಿ ಒದಗಿತು. ಚರ್ಚೆಯ ವೇಳೆ ಗದ್ದಲವಾದ ವರದಿಗಳಿಲ್ಲ.

ಕೊನೆಯದಾಗಿ ದಂಡವಿಚಾರ. ಕರ್ನಾಟಕದ ದಾನಶಾಸನಗಳ ಕೊನೆಯಲ್ಲಿ ಶಾಪಾಶಯವೆಂಬ ಭಾಗವಿರುತ್ತದೆ. ದತ್ತಿಗೆ ತಪ್ಪಿದವರು ವಾರಣಾಸಿಯಲ್ಲಿ ಸಾವಿರ ಕವಿಲೆ ಹಸುಗಳನ್ನು ಕೊಂದ ಪಾಪಕ್ಕೆ ಹೋಗುವರೆಂದೂ, 60 ಸಾವಿರ ವರ್ಷ ಮಲದ ಹುಳುವಾಗಿ ಹುಟ್ಟುವರೆಂದೂ ಅದು ಸಾರುತ್ತದೆ. ಇದನ್ನು ಈ ನಾಡಿನ ಮೊದಲ ಲೆಕ್ಕಪರಿಶೋಧನಾ ವರದಿಯೆಂದು ಪರಿಗಣಿಸಲು ಅಡ್ಡಿಯಿಲ್ಲ, ಏಕೆಂದರೆ ಅಲ್ಲಿಯೂ ಆಕ್ಷೇಪಣೆ ಸ್ಪಷ್ಟವಾಗಿದ್ದು ವಸೂಲಾತಿ ಮುಂದಿನ ಜನ್ಮಕ್ಕೆ ಬಿಟ್ಟದ್ದಾಗಿದೆ. ಇಂದಿನ ವರದಿಗಳು ಆಕ್ಷೇಪಣೆಯಲ್ಲಿರಿಸಿದ ಮೊತ್ತ, ವಸೂಲಾತಿಗೆ ಸೂಚಿಸಿದ ಮೊತ್ತ ಎಂದು ಎರಡು ಬಗೆ ಮಾಡಿ ಶಾಪವನ್ನು ಕೈಬಿಟ್ಟಿವೆ. ಈ ವರದಿಗಳಿಗೆ ಪಂಚಾಯಿತಿಯು ಕೊಡುವ ಅನುಪಾಲನಾ ವರದಿಯಲ್ಲಿ, ದಾಖಲೆಗಳನ್ನು ಮುಂದಿನ ಲೆಕ್ಕಪರಿಶೋಧನೆಯ ಕಾಲಕ್ಕೆ ಹಾಜರುಪಡಿಸಲಾಗುವುದೆಂಬ ವಾಕ್ಯ ವರ್ಷದಿಂದ ವರ್ಷಕ್ಕೆ ಅಕ್ಷರವೂ ಬದಲಾಗದೆ ಬರುತ್ತದೆ. ಅಧ್ಯಕ್ಷರ ಅವಧಿ 30 ತಿಂಗಳಾದ್ದರಿಂದ ಶಾಸನೋಕ್ತ ಶಿಕ್ಷೆಯು ಸರಿಯಾಗಿ 24 ಸಾವಿರ ಅಧ್ಯಕ್ಷಾವಧಿಗಳಿಗೆ ಸಮವಾಗುತ್ತದೆ. ಹಿಂದಿನ ಅವಧಿಯವರ ಬಾಕಿಗೆ ಹಾಲಿ ಅವಧಿಯವರು ಹೊಣೆಯಲ್ಲವೆಂಬ ಸರ್ವಾನುಮತದ ನಿರ್ಣಯ ಎಲ್ಲ ಪಂಚಾಯಿತಿಗಳಲ್ಲೂ ಇರುವುದರಿಂದ ಪ್ರತಿಯೊಬ್ಬ ಅಧ್ಯಕ್ಷರ ಪಾಲಿಗೆ ಬರುವುದು ಎರಡೂವರೆ ವರ್ಷದ ಹುಳುತನ ಮಾತ್ರ; ಅದನ್ನೂ ಉಪಾಧ್ಯಕ್ಷರೊಂದಿಗೆ ಸಮನಾಗಿ ಹಂಚಿಕೊಳ್ಳುವ ಒಳ ಒಪ್ಪಂದಕ್ಕೆ ನಿಯಮಗಳಲ್ಲಿ ಸ್ಪಷ್ಟ ನಿಷೇಧ ಕಂಡುಬರುವುದಿಲ್ಲ.