ಕೇಶಿರಾಜನ ಕಾದಂಬರಿ

ಕಾದಂಬರಿ ಬರೆಯಬೇಕೆಂದು ತೀರ್ಮಾನಿಸಿದ ಬೆಂಗಳೂರಿನ ಗಂಡಸು ಮೊದಲು ಪೆನ್ನು ಹಿಡಿಯುವುದಿಲ್ಲ, ಕಟಿಂಗ್ ಶಾಪಿಗೆ ಹೋಗುವುದನ್ನು ಬಿಡುತ್ತಾನೆ. ಖರ್ಚಿಲ್ಲದ ಆರಂಭ. ಮೇಲಾಗಿ ತಿಂಗಳಿಗೆ ಇನ್ನೂರೋ ಮುನ್ನೂರೋ ಉಳಿತಾಯ. ಕನ್ನಡ ಸಾಹಿತ್ಯದಿಂದ ಎಷ್ಟೋ ಜನರಿಗೆ ದಕ್ಕುವ ಒಟ್ಟು ಸಂಪಾದನೆ ಅಷ್ಟೇ.

ಈ ಮಹಾಶಯ ಎಲ್ಲ ಬಡಾವಣೆಗಳಲ್ಲೂ ಸಿಗುತ್ತಾನೆ. ಬಸವನಗುಡಿ, ಜಯನಗರದ ಕಡೆ ಬೆಳೆ ಸ್ವಲ್ಪ ಹುಲುಸು. ಕೆಲಸ ಎಲೆಕ್ಟ್ರಾನಿಕ್ ಸಿಟಿಯಲ್ಲಿ. ಹೆಗಲಿಗೆ ಖಾದಿ ಜೋಳಿಗೆ, ಜೋಳಿಗೆಯೊಳಗೆ ಕಂಪನಿ ಕೊಟ್ಟ ಲ್ಯಾಪ್‌ಟಾಪು, ಮಣಿಕಟ್ಟಿನಲ್ಲಿ ವಾಚಿನ ಜಾಗಕ್ಕೆ ಕಪ್ಪು ರಬ್ಬರ್ ಬ್ಯಾಂಡು. ಗೆಳೆಯರು ಇಟ್ಟ ಹೆಸರು ಕೇಶಿರಾಜ. ಅಸಲಿ ಕೇಶಿರಾಜ 13ನೇ ಶತಮಾನದಲ್ಲಿ ‘ಶಬ್ದಮಣಿದರ್ಪಣ’ ಬರೆದು ಕನ್ನಡಕ್ಕೆ ವ್ಯಾಕರಣ ಕಟ್ಟಿಕೊಟ್ಟವನು. ನಮ್ಮವನಿಗೆ ಆ ಹಂಗಿಲ್ಲ. ಅಲ್ಪಪ್ರಾಣ, ಮಹಾಪ್ರಾಣಗಳಲ್ಲಿ ಭೇದ ಎಣಿಸದ ಸಮದರ್ಶಿ.

ಮೊದಮೊದಲು ಮನೆಯವರು ಇದನ್ನು ಸೋಮಾರಿತನ ಎಂದೇ ತಿಳಿದಿದ್ದರು. ಕೂದಲು ಕಿವಿ ಮುಚ್ಚಿದಾಗ ಅಮ್ಮ ಮೆಲ್ಲಗೆ ಕೇಳಿದರು: “ಏನೋ, ತಿರುಪತಿಗೇನಾದ್ರೂ ಹರಕೆ ಹೊತ್ಕೊಂಡಿದೀಯಾ? ಹೇಳಿದ್ರೆ ನಾವೂ ಬರ್ತಿದ್ವಲ್ಲ.” ಕಾದಂಬರಿಗಾಗಿ ಎಂದು ಗೊತ್ತಾದ ಮೇಲೆ ಅವರಿಗೆ ನಿಜವಾಗಿ ಗಾಬರಿಯಾಯಿತು. ಹರಕೆಗಾದರೆ ಒಂದು ಕೊನೆ ಇರುತ್ತದೆ.

ಮನೆಯಲ್ಲಿ ನಕ್ಕಿದ್ದು ಅಜ್ಜಿ ಒಬ್ಬರೇ. “ನಮ್ಮ ಮಾವ ಜುಟ್ಟು ತೆಗೆಸಿ ಕ್ರಾಪು ಬಿಟ್ಟಾಗ ಮನೇಲಿ ಅವರಿಗೆ ಎರಡು ದಿನ ಎಲೆ ಹಾಕಿರ್ಲಿಲ್ಲವಂತೆ. ಈಗ ಮರಿಮಗ ಅದನ್ನ ವಾಪಸ್ ಬೆಳೆಸ್ತಿದಾನೆ” ಎಂದರು. ಹಳೇ ಮೈಸೂರಿನ ಸಂಪ್ರದಾಯಸ್ಥರ ಮನೆಗಳಲ್ಲಿ ಕ್ರಾಪು ಒಂದು ಕಾಲಕ್ಕೆ ಸಣ್ಣ ಸಂಗತಿಯಾಗಿರಲಿಲ್ಲ. ಜುಟ್ಟಿಗೆ ಕತ್ತರಿ ಬಿದ್ದರೆ ಧರ್ಮಕ್ಕೇ ಬಿದ್ದಂತೆ. ಆಗ ಕತ್ತರಿಸುವುದು ಬಂಡಾಯ, ಈಗ ಬಿಡುವುದು. ಮುತ್ತಜ್ಜನ ಬಂಡಾಯ ಐದು ನಿಮಿಷದಲ್ಲಿ ಮುಗಿದಿತ್ತು. ಮರಿಮಗನದಕ್ಕೆ ಕಾಲ ಬೇಕು. ತಲೆಗೂದಲು ತಿಂಗಳಿಗೆ ಬೆಳೆಯುವುದೇ ಹೆಚ್ಚುಕಮ್ಮಿ 1 ಸೆಂಟಿಮೀಟರ್. ಹೆಗಲು ಮುಟ್ಟಬೇಕಾದರೆ ಎರಡು ವರ್ಷಕ್ಕೆ ಕಡಿಮೆಯಿಲ್ಲ. ನಡುವೆ, ಕಟ್ಟಲೂ ಬಾರದ ಬಿಡಲೂ ಬಾರದ ಆರು ತಿಂಗಳನ್ನು ಹೆಲ್ಮೆಟ್ಟಿನೊಳಗೆ ಕಳೆಯಬೇಕು.

ಆ ಎರಡು ವರ್ಷ ಅವನು ತಲೆಯ ಮೇಲೆ ತೋರಿದ ಶ್ರದ್ಧೆಗೆ ಹುಳುಕು ಹುಡುಕುವಂತಿಲ್ಲ. ಶನಿವಾರ ಹರಳೆಣ್ಣೆ, ಭಾನುವಾರ ಸೀಗೇಕಾಯಿ, ಬಚ್ಚಲಲ್ಲಿ ಉದುರಿದ್ದರ ಲೆಕ್ಕ. ದಿನಕ್ಕೆ 50ರಿಂದ 100 ಕೂದಲು ಉದುರುವುದು ಸಹಜ ಎಂದು ಚರ್ಮವೈದ್ಯರು ಹೇಳಿದ ಮೇಲೆಯೇ ನಿದ್ದೆ ಬಂದದ್ದು. ದಿನಕ್ಕೆ ಅದೇ 100ರಂತೆ ಪದಗಳು ಉದುರಿದ್ದರೆ ಎರಡು ವರ್ಷಕ್ಕೆ 73,000 ಆಗುತ್ತಿತ್ತು. ಮಧ್ಯಮ ಗಾತ್ರದ ಕಾದಂಬರಿಯೊಂದಕ್ಕೆ ಧಾರಾಳ. ಈ ಲೆಕ್ಕ ನನ್ನದು. ಅವನಿಗೆ ಹೇಳಿಲ್ಲ.

ಭಾನುವಾರ ತಲೆ ಒಣಗಿದ ಮೇಲೆ ಗಾಂಧಿ ಬಜಾರಿನಲ್ಲಿ ಬಳಗ ಸೇರುತ್ತದೆ. ವಿದ್ಯಾರ್ಥಿ ಭವನದಲ್ಲಿ ಸಾಹಿತ್ಯ ಚರ್ಚೆ ಈಗ ಆಗದ ಮಾತು. 1943ರಿಂದ ನಡೆಯುತ್ತಿರುವ ಆ ಹೋಟೆಲಿನ ದೋಸೆಗೆ ಜನ ಬಾಗಿಲಾಚೆ ಕಾಯುತ್ತಿರುವಾಗ ಪಾತ್ರಗಳ ಅಂತರಂಗ ಬಿಡಿಸುತ್ತ ಕೂರಲು ದೊಡ್ಡ ಎದೆ ಬೇಕು. ಹೀಗಾಗಿ ಬಳಗ ಒಂದು ದರ್ಶಿನಿಗೆ ವಲಸೆ ಹೋಗಿದೆ. ಅಲ್ಲಿ ಕುರ್ಚಿಯೇ ಇಲ್ಲ, ಎಬ್ಬಿಸುವ ಭಯವೂ ಇಲ್ಲ. ನಿಂತೇ ಬೈಟೂ ಕಾಫಿ, ನಿಂತೇ ಕನಸು. ಒಬ್ಬನದು ವಿಜಯನಗರದ ಮೇಲೆ ನಾಲ್ಕು ಸಂಪುಟ, ಇನ್ನೊಬ್ಬನದು ಸಿನಿಮಾ ಆಗಲೆಂದೇ ಯೋಚಿಸಿದ ಪತ್ತೇದಾರಿ. ಬ್ಯಾಂಕಿನಲ್ಲಿ ಕ್ಯಾಷಿಯರ್ ಆಗಿರುವ ಮಹಿಳೆಯೊಬ್ಬರು ಆಗಲೇ ಎರಡು ಕಥಾಸಂಕಲನ ತಂದಿದ್ದಾರೆ. ಮಾತು ಕಡಿಮೆ. ಆದ್ದರಿಂದ ಬಳಗದಲ್ಲಿ ಅವರನ್ನು ಲೇಖಕಿ ಎಂದು ಯಾರೂ ಗಣಿಸಿಲ್ಲ.

ಕೇಶಿರಾಜನ ಕಾದಂಬರಿ ಮಲೆನಾಡಿನ ಮನೆತನವೊಂದರ ಮೂರು ತಲೆಮಾರಿನ ಕಥೆ. ಅವನು ಹುಟ್ಟಿ ಬೆಳೆದದ್ದು ರಾಜಾಜಿನಗರ. ಮಲೆನಾಡು ಹೋಮ್‌ಸ್ಟೇಗಳ ಮೂಲಕ ಪರಿಚಯ. ಅರ್ಪಣೆ ಬರೆದಾಗಿದೆ. ಬೆನ್ನುಡಿ ಯಾರಿಂದ ಎಂಬುದೂ ತೀರ್ಮಾನವಾಗಿದೆ, ಅವರಿಗೆ ಮಾತ್ರ ತಿಳಿಸಿಲ್ಲ. ಲೇಖಕರ ಫೋಟೋ ಕಬ್ಬನ್ ಪಾರ್ಕಿನಲ್ಲಿ ತೆಗೆಸಿದ್ದು: ಗಾಳಿಗೆ ಕೂದಲು, ದೃಷ್ಟಿ ಹೈಕೋರ್ಟಿನ ಕಡೆಗೆ.

“ಎಲ್ಲಿಗೆ ಬಂತಪ್ಪಾ ಕಾದಂಬರಿ?”

“ಒಳಗೇ ಕುದೀತಾ ಇದೆ ಸಾರ್.”

“ಎರಡು ವರ್ಷದಿಂದಲೂ?”

“ಉರಿ ಸಣ್ಣಗಿಟ್ಟಿದೀನಿ.”

ಕೂದಲ ಸಮರ್ಥನೆಗೆ ಅವನು ಕರೆಯುವ ಸಾಕ್ಷಿಗಳು ದೊಡ್ಡವರೇ. ರವೀಂದ್ರನಾಥ ಠಾಕೂರರು, ಶಿವರಾಮ ಕಾರಂತರು. ಕಾರಂತರ ಬೆಳ್ಳಿಗೂದಲಿನ ಕೆಳಗಿನಿಂದ 47 ಕಾದಂಬರಿ ಬಂದವು, ಯಕ್ಷಗಾನ, ವಿಜ್ಞಾನ, ನಿಘಂಟು ಬೇರೆ. ಆ ಭಾಗದ ಸಾಕ್ಷ್ಯವನ್ನು ಅವನು ದಾಖಲಿಸಿಕೊಳ್ಳುವುದಿಲ್ಲ. ಮಾಸ್ತಿಯವರ ಮಾತೆತ್ತಿದರೆ ವಿಷಯ ಬದಲಿಸುತ್ತಾನೆ. ಕೋಟು, ಪೇಟ ತೊಟ್ಟು, ಮೈಸೂರು ಸರ್ಕಾರದ ಅಧಿಕಾರಿಯಾಗಿ ಕಡತ ನೋಡುತ್ತಲೇ ಕನ್ನಡ ಸಣ್ಣಕಥೆಗೆ ದಾರಿ ಹಾಕಿದ ಮನುಷ್ಯ. 1983ರ ಜ್ಞಾನಪೀಠ ಬಂದಾಗಲೂ ಓದುಗರ ಕಣ್ಣಿಗೆ ಕಂಡದ್ದು ಪೇಟವೇ. ಇನ್ನು ಗಳಗನಾಥರಂತೂ ತಮ್ಮ ಕಾದಂಬರಿಗಳನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದವರು. ನಮ್ಮವನು ಹೊತ್ತು ತಿರುಗುವುದು ಕೂದಲನ್ನು.

2025ರಲ್ಲಿ ಬಾನು ಮುಷ್ತಾಕ್ ಅವರ ಕಥೆಗಳ ಇಂಗ್ಲಿಷ್ ಅನುವಾದ ‘ಹಾರ್ಟ್ ಲ್ಯಾಂಪ್’ಗೆ ಅಂತರರಾಷ್ಟ್ರೀಯ ಬೂಕರ್ ಬಂತು. ಆ ವಾರ ದರ್ಶಿನಿಯಲ್ಲಿ ಕಾಫಿ ಬೈಟೂ ಅಲ್ಲ, ಎಲ್ಲರಿಗೂ ಪೂರ್ತಿ ಲೋಟ. ಅವು ಮೂರು ದಶಕಗಳ ಉದ್ದಕ್ಕೂ ಬರೆದ ಕಥೆಗಳು ಎಂಬ ವಿವರ ಕೇಶಿರಾಜನಿಗೆ ಅಷ್ಟು ರುಚಿಸಲಿಲ್ಲ. ಅವನ ಕಿವಿ ನೆಟ್ಟಗಾದದ್ದು 50,000 ಪೌಂಡಿನಲ್ಲಿ ಅರ್ಧ ಲೇಖಕಿಗೆ, ಅರ್ಧ ಅನುವಾದಕಿ ದೀಪಾ ಭಾಸ್ತಿಯವರಿಗೆ ಎಂದಾಗ. ಈಗ ಅವನಿಗೆ ಒಬ್ಬ ಅನುವಾದಕರು ಬೇಕಾಗಿದ್ದಾರೆ. ಇಬ್ಬರನ್ನು ಕಂಡು ಮಾತಾಡಿದ್ದಾನೆ. ಅನುವಾದಕ್ಕೆ ಪುಟ ಕಳಿಸಿ ಎಂದು ಇಬ್ಬರೂ ಒಂದೇ ಮಾತು ಹೇಳಿದ್ದಾರೆ. ಅರ್ಧ ಪಾಲು ಅನುವಾದಕರಿಗೆ ಜಾಸ್ತಿಯಾಯಿತಲ್ಲವೇ ಎಂಬುದು ಸದ್ಯ ಅವನನ್ನು ಕಾಡುತ್ತಿರುವ ಏಕೈಕ ಸಾಹಿತ್ಯಕ ಪ್ರಶ್ನೆ.

ಮೊನ್ನೆ ಹಳೆಯ ಕಟಿಂಗ್ ಶಾಪಿನವರು ರಸ್ತೆಯಲ್ಲೇ ಹಿಡಿದರು. “ಏನ್ ಸಾರ್, ಕಾಣೋದೇ ಇಲ್ಲ?”

“ಕಾದಂಬರಿ ಬರೀತಿದೀನಲ್ಲ.”

“ಬರೀರಿ ಸಾರ್, ಯಾರ್ ಬೇಡ ಅಂದ್ರು? ತುದಿ ಎಲ್ಲ ಸೀಳಿದೆ, ಅದನ್ನಾದ್ರೂ ತೆಗೆಸಿ. ತೆಗೆದ್ರೇನೇ ಚೆನ್ನಾಗಿ ಕಾಣೋದು.”

ಕನ್ನಡ ಪ್ರಕಾಶನದಲ್ಲಿ ಒಳ್ಳೆಯ ಸಂಪಾದಕರ ಕೊರತೆ ಇದೆ ಎಂದು ಎಲ್ಲರೂ ದೂರುತ್ತಾರೆ. ಅವರು ಕತ್ತರಿ ಹಿಡಿದುಕೊಂಡು ಮೂಲೆ ಅಂಗಡಿಯಲ್ಲಿ ಕೂತಿದ್ದಾರೆ, ಅಷ್ಟೇ.

ಇಷ್ಟಾದರೂ ಇವನನ್ನು ಕಂಡರೆ ನನಗೆ ಪ್ರೀತಿಯೇ, ಅದಕ್ಕೆ ಕಾರಣವೂ ಇದೆ. ಊರಲ್ಲಿ ಯಾರ ಪುಸ್ತಕ ಬಿಡುಗಡೆಯಾದರೂ ಮುಂದಿನ ಸಾಲಿನಲ್ಲಿ ಆ ತಲೆ ಕಾಣುತ್ತದೆ. ಹಿಂದೆ ಕೂತವರಿಗೆ ವೇದಿಕೆ ಕಾಣುವುದಿಲ್ಲ, ಅದು ಬೇರೆ ಮಾತು. ಸಭೆ ಮುಗಿದ ಮೇಲೆ ಉಪ್ಪಿಟ್ಟಿನ ಕಡೆ ಓಡದೆ ಪುಸ್ತಕದ ಮೇಜಿಗೆ ಹೋಗಿ, ಜೇಬಿನಿಂದ ದುಡ್ಡು ತೆಗೆದು ಕೊಳ್ಳುವವನು ಇವನು. ಕ್ಯಾಷಿಯರಮ್ಮನ ಎರಡೂ ಸಂಕಲನ ಕೊಂಡು, ಓದಿ, ಗೆರೆ ಹಾಕಿಟ್ಟಿದ್ದಾನೆ. ಸಾವಿರ ಪ್ರತಿ ಅಚ್ಚು ಹಾಕಿ ವರ್ಷಗಟ್ಟಲೆ ಕಾಯುವ ಭಾಷೆಯಲ್ಲಿ ಇಂಥ ಐನೂರು ತಲೆ ಸಿಕ್ಕರೆ ಮೊದಲ ಮುದ್ರಣ ಅರ್ಧ ಮುಗಿದ ಹಾಗೆ. ಬರೆಯುವ ಕನಸಿಲ್ಲದಿದ್ದರೆ ಇವನು ಓದುತ್ತಲೂ ಇರಲಿಲ್ಲವೇನೋ.

ಆದ್ದರಿಂದ ಗಾಂಧಿ ಬಜಾರಿನಲ್ಲಿ ಎದುರಾದರೆ ಅವನ ಕೂದಲನ್ನು ಧಾರಾಳವಾಗಿ ಹೊಗಳಿ. ಕಾದಂಬರಿಯ ಸುದ್ದಿ ಮಾತ್ರ ಎತ್ತಬೇಡಿ. ಎತ್ತಿದಿರೋ, ಮೊದಲನೇ ತಲೆಮಾರಿನಿಂದ ಶುರು ಮಾಡುತ್ತಾನೆ; ಕಾಫಿಯ ದುಡ್ಡು ನೀವೇ ಕೊಡಬೇಕಾಗುತ್ತದೆ.