ಶೇಡ್‌ಕಾರ್ಡ್ ಸಾವ್ಕಾರರು

ತೊಗರಿ ಮಾರಿ ನಾಲ್ಕು ರೊಕ್ಕ ಕೈಗೆ ಬಂತೆಂದರೆ ನರೋಣಾದಲ್ಲಿ ಮನೆಗೆ ಬಣ್ಣ ಹಚ್ಚಿಸುವವರು ಇದ್ದಾರೆ, ಬಣ್ಣ ಆರಿಸುವವರೂ ಇದ್ದಾರೆ. ನಮ್ಮ ಶೇಡ್‌ಕಾರ್ಡ್ ಸಾವ್ಕಾರರು ಎರಡನೆಯ ಪೈಕಿ. ಒಂದೇ ಕೋಣೆ, ಅದಕ್ಕೆ ಕಡುನೀಲಿಯೇ ಆಗಬೇಕು. ಅಷ್ಟು ಮಾತ್ರ ಗಟ್ಟಿ.

ಹಿಂದೆ ಈ ತಂಟೆ ಇರಲಿಲ್ಲ. ಸುಣ್ಣಕ್ಕೆ ಚಿಟಿಕೆ ನೀಲಿ ಬಿದ್ದರೆ ಹಳದಿ ಛಾಯೆ ಅಡಗಿ ಗೋಡೆ ಬೆಳ್ಳಗಾಗುತ್ತಿತ್ತು. ಕೈ ತಪ್ಪಿ ಹೆಚ್ಚು ಬಿದ್ದರೆ ನೀಲಿ ಕೋಣೆ! ಬೇಕೆಂದೇ ಮಾಡಿಸಿದೆವು ಎಂದರಾಯಿತು. ಈಗ ಕಲಬುರಗಿಯ ಅಂಗಡಿಗಳಲ್ಲಿ ಯಂತ್ರವೇ ಹನಿ ಅಳೆದು ಬಣ್ಣ ಕಲಸುತ್ತದೆ. ಹನಿ ಹೆಚ್ಚಾದರೊಂದು ಹೆಸರು, ಕಡಿಮೆಯಾದರೊಂದು ಹೆಸರು. ನೇವಿ, ಮಿಡ್‌ನೈಟ್, ಪ್ರಶ್ಯನ್. ಈ ಪ್ರಶ್ಯನ್ ನೀಲಿ 1700ರ ದಶಕದಲ್ಲಿ ಬರ್ಲಿನ್ನಿನಲ್ಲಿ ಕೆಂಪು ಮಾಡಲು ಹೋದವನ ಕೈಯಲ್ಲಿ ಹುಟ್ಟಿದ್ದಂತೆ. ಬಂದದ್ದನ್ನು ಆತ ಒಪ್ಪಿಕೊಂಡ. ಸಾವ್ಕಾರರು ಅಂಥವರಲ್ಲ.

ಗೋಡೆಗೆ ಮೂರು ಪಟ್ಟಿ ಬಳಿಸಿ ಬಾಗಿಲಲ್ಲಿ ಕೂತಿದ್ದಾರೆ. ಹಾದಿಯಲ್ಲಿ ಹೋಗುವವರೆಲ್ಲ ಒಳಗೆ ಬರಬೇಕು.

“ಬರ್ರಿ, ಚಹಾ ಆಮ್ಯಾಲ. ಇದರಾಗ ಯಾವುದು ಚಂದ ಅದ ಹೇಳ್ರಿ.”

ನಮ್ಮ ಬಿಸಿಲಿನಿಂದ ಒಳಗೆ ಬಂದವನಿಗೆ ಮೊದಲು ಸಾವ್ಕಾರರೇ ಕಾಣುವುದಿಲ್ಲ, ಇನ್ನು ಪಟ್ಟಿ ಎಲ್ಲಿಂದ? “ಮೂರೂ ಕರೀನೇ ಅವರಿ” ಎಂದವನಿಗೆ ಚಹಾ ಇಲ್ಲ.

ಸಾವ್ಕಾರರ ಅನುಮಾನವೂ ಪೂರ್ತಿ ಸುಳ್ಳಲ್ಲ, ಬಿಡಿ. ಬಣ್ಣ ಹಸಿಯಿದ್ದಾಗ ಒಂದು, ಒಣಗಿದಾಗ ಇನ್ನೊಂದು. ಹಗಲಿಗೆ ಒಂದು, ಬಿಳಿ ಎಲ್‌ಇಡಿಗೆ ಮತ್ತೊಂದು. ಆದರೆ ಕರೆಂಟು ಹೋದಾಗಲೂ ಮೇಣಬತ್ತಿ ಹಿಡಿದು ಗೋಡೆ ನೋಡುವುದೆಂದರೆ! “ಮಗಳನ್ನ ತೋರಸಾಕ ಇಷ್ಟು ಮಂದೀನ ಕರದಿದ್ರ ಲಗ್ನ ಆಗಿ ಹೋಗ್ತಿತ್ತು” ಎಂದು ಮನೆಯಾಕೆ ಒಳಗಿನಿಂದಲೇ ಒಗ್ಗರಣೆ ಹಾಕುತ್ತಾರೆ. ಪೇಂಟರ್ ಅಷ್ಟರಲ್ಲಿ ಓಣಿಯ ಉಳಿದ ಮನೆಗಳನ್ನೆಲ್ಲ ಮುಗಿಸಿದ್ದ.

ನೋಡನೋಡುತ್ತ ಮುಂದಿನ ತೊಗರಿಯೂ ರಾಶಿಯಾಗಿ ಮನೆಗೆ ಬಂತು. ಕಲಬುರಗಿ ತೊಗರಿಗೆ 2019ರಲ್ಲೇ ಜಿಐ ಟ್ಯಾಗ್ ಸಿಕ್ಕಿದೆ, ಕಾದರೆ ದರ ಬಂದೇ ಬರುತ್ತದೆ ಎಂದು ಸಾವ್ಕಾರರು ಈ ಸಲ ಮಾರಲಿಲ್ಲ. ಇವತ್ತು ಮಾರಲೋ, ನಾಳೆಯೋ ಎಂದು ಈಗ ಅದೂ ಶುರುವಾಗಿದೆ. ಚೀಲಗಳು ಅದೇ ಕೋಣೆಯಲ್ಲಿ ಜಂತಿಯವರೆಗೆ ಏರಿವೆ. ಮೂರೂ ಪಟ್ಟಿ ಅವುಗಳ ಹಿಂದೆ.

ನೀವು ಆ ಕಡೆ ಹೋದರೆ, ಯಾರಾದರೂ ಕರೆದು ಕೇಳಿದರೆ, “ನಡುವಿಂದು ಚಂದ ಅದರಿ” ಎಂದು ಹೇಳಿ ಆಳಂದ ಬಸ್ಸು ಹತ್ತಿಬಿಡಿ. ಯಾಕೆ ಅಂತ ಕೇಳುವವರೆಗೆ ನಿಲ್ಲಬೇಡಿ.