ಪಾರ್ಟಿ ಬಂತು, ಪಾರ್ಟಿ ಹೋಯ್ತು

ಯಾವುದೇ ತಾಲ್ಲೂಕಿನ ಸಬ್ ರಿಜಿಸ್ಟ್ರಾರ್ ಕಚೇರಿ ಎದುರಿನ ಜೆರಾಕ್ಸ್ ಅಂಗಡಿಯಲ್ಲಿ ಅರ್ಧ ಗಂಟೆ ನಿಂತರೆ ಸಾಕು, ಕನ್ನಡ ವ್ಯಾಕರಣದ ಹೊಸ ಪಾಠವೊಂದು ಪುಕ್ಕಟೆ ಸಿಗುತ್ತದೆ. ‘ಪಾರ್ಟಿ ಹೊರಟಿದೆ ಸಾರ್, ಟೋಲ್ ದಾಟಿದೆ.’ ‘ಪಾರ್ಟಿ ಬಂತು, ಕಾರಲ್ಲೇ ಕೂತಿದೆ.’ ‘ಪಾರ್ಟಿ ಯಾಕೋ ಡಲ್ ಹೊಡೀತಿದೆ, ಒಂದು ಎಳನೀರು ಕುಡಿಸು ಮಾರಾಯ.’

ಕಾರಲ್ಲಿ ಕೂತಿರುವುದು ಮೂಟೆಯಲ್ಲ. ಪಿಂಚಣಿ ಗಂಟನ್ನೆಲ್ಲ ಒಂದು ಥರ್ಟಿ ಫಾರ್ಟಿ ಸೈಟಿಗೆ ಸುರಿಯಲು ಬಂದಿರುವ ಹೈಸ್ಕೂಲ್ ಕನ್ನಡ ಮೇಷ್ಟ್ರು. ಸರ್ವಿಸ್ ಪೂರ್ತಿ ಪುಲ್ಲಿಂಗ, ಸ್ತ್ರೀಲಿಂಗ ಎಂದು ಬೋರ್ಡಿನ ಮೇಲೆ ಬರೆದು ಬರೆದು ಕೈ ಸವೆಸಿದವರು. ದಲ್ಲಾಳಿಯ ಬಾಯಿಗೆ ಬಿದ್ದ ತಕ್ಷಣ ಅವರ ಲಿಂಗವೂ ಹೋಯಿತು, ಬಹುವಚನವೂ ಹೋಯಿತು. ‘ಅವರು ಬಂದರು’ ಅನ್ನಿಸಿಕೊಳ್ಳಬೇಕಾದ ಮನುಷ್ಯ ‘ಅದು ಬಂತು’ ಆದರು. ಸಹಿ ಹಾಕಿ ಹೆಬ್ಬೆಟ್ಟೊತ್ತಿ ಹೊರಗೆ ಬರುವವರೆಗೂ ಅವರು ನಪುಂಸಕಲಿಂಗವೇ. ಕಮಿಷನ್ ಕೈ ಸೇರಿದ ಮೇಲೆ ಮಾತ್ರ ‘ಬರ್ತೀನಿ ಮೇಷ್ಟ್ರೇ’ ಎಂಬ ಸಂಬೋಧನೆ; ಕೊಡದಿದ್ದರೆ ‘ಪಾರ್ಟಿ ಕೈ ಎತ್ತಿಬಿಡ್ತು.’

ಮದುವೆ ಛತ್ರದಲ್ಲೂ ಇದೇ ಕಥೆ. ‘ಗಂಡಿನ ಪಾರ್ಟಿ ಸಿರಾ ಬಿಡ್ತಂತೆ, ಉಪ್ಪಿಟ್ಟಿಗೆ ಎಸರಿಡಿ’ ಅಂದಾಗ ಐವತ್ತು ಜನ ಒಟ್ಟಿಗೆ ಒಂದು ‘ಅದು’ ಆಗಿರುತ್ತಾರೆ. ಕೋರ್ಟಿನಲ್ಲಂತೂ ವಾದಿ ಪ್ರತಿವಾದಿ ಇಬ್ಬರೂ ಪಾರ್ಟಿಗಳೇ. ಗೆದ್ದರೂ ಸೋತರೂ ಫೀಸು ಕೊಡುವ ‘ಅದು.’ ಇನ್ನು ಸಂಜೆಯ ಪಾರ್ಟಿ. ಹೊಸ ಬೈಕ್ ತಗೊಂಡರೂ ಪಾರ್ಟಿ, ಹಳೇ ಕೆಲಸ ಹೋದರೂ ಪಾರ್ಟಿ. ಇದರ ಬಗ್ಗೆ ಹೆಚ್ಚು ಹೇಳುವುದಕ್ಕಿಲ್ಲ, ಎಲ್ಲರಿಗೂ ಗೊತ್ತಿರುವ ವಿಷಯ. ಆದರೆ ಕಾನೂನಿನ ಒಂದು ತಮಾಷೆ ಮಾತ್ರ ಹೇಳಲೇಬೇಕು: ಮತದಾನ ಮುಗಿಯುವ ಮುಂಚಿನ 48 ಗಂಟೆ ಹೆಂಡದಂಗಡಿ ಬಾಗಿಲು ಹಾಕಬೇಕು. ಒಂದು ಪಾರ್ಟಿಗೆ ಪರೀಕ್ಷೆ ನಡೆಯುವಾಗ ಇನ್ನೊಂದು ಪಾರ್ಟಿಗೆ ರಜೆ. ಎರಡಕ್ಕೂ ಸಂಬಂಧವಿದೆ ಅಂತ ಸರ್ಕಾರವೇ ಒಪ್ಪಿಕೊಂಡ ಹಾಗಾಯಿತಲ್ಲ!

ವಿಚಿತ್ರ ಏನೆಂದರೆ, ಮನುಷ್ಯನನ್ನು ‘ಅದು’ ಮಾಡುವ ಈ ಶಬ್ದ ರಾಜಕೀಯಕ್ಕೆ ಹೊಕ್ಕ ಕೂಡಲೇ ತಾನೇ ಮನುಷ್ಯನಾಗಿಬಿಡುತ್ತದೆ. ಮನುಷ್ಯ ಏನು, ತಾಯಿಯೇ ಆಗುತ್ತದೆ. ‘ಪಾರ್ಟಿ ನನಗೆ ತಾಯಿ ಇದ್ದ ಹಾಗೆ’ ಎನ್ನದ ನಾಯಕ ನಮ್ಮಲ್ಲಿ ಇದ್ದಾನೆಯೇ? ಟಿಕೆಟ್ ಸಿಕ್ಕರೆ ಹೆತ್ತ ತಾಯಿ, ತಪ್ಪಿದರೆ ಮಲತಾಯಿ. ಪಾರ್ಟಿಗೆ ನೋವಾಗುತ್ತದೆ, ಪಾರ್ಟಿ ಯೋಚಿಸುತ್ತದೆ, ಪಾರ್ಟಿ ಕೈಬಿಡುವುದಿಲ್ಲ. ಈ ತಾಯಿಗೆ ಹೈಕಮಾಂಡ್ ಎಂಬ ಅತ್ತೆ ಬೇರೆ ದೆಹಲಿಯಲ್ಲಿದ್ದಾಳೆ.

1950ರಲ್ಲಿ ಜಾರಿಗೆ ಬಂದ ನಮ್ಮ ಸಂವಿಧಾನಕ್ಕೆ ಈ ತಾಯಿಯ ಪರಿಚಯವೇ ಇರಲಿಲ್ಲ. ಅಷ್ಟು ದಪ್ಪನೆಯ ಪುಸ್ತಕದಲ್ಲಿ ರಾಜಕೀಯ ಪಕ್ಷ ಎಂಬ ಮಾತು ಎಲ್ಲೂ ಬರಲಿಲ್ಲ. ಅದು ಒಳಗೆ ಕಾಲಿಟ್ಟದ್ದು 1985ರಲ್ಲಿ, 52ನೇ ತಿದ್ದುಪಡಿಯ ಹತ್ತನೇ ಅನುಸೂಚಿಯ ಮೂಲಕ. ಯಾತಕ್ಕೆ? ಪಾರ್ಟಿ ಬಿಟ್ಟು ಓಡುವವರನ್ನು ಹಿಡಿಯುವುದಕ್ಕೆ! ಮನೆಯ ಹೆಸರು ದಾಖಲೆಗೆ ಸೇರಿದ್ದೇ ಮಗ ನಾಪತ್ತೆ ಎಂಬ ದೂರಿನಲ್ಲಿ.

ಓಟ ಮಾತ್ರ ಅದಕ್ಕಿಂತ ಹಳೆಯದು. 1967ರಲ್ಲಿ ಹರಿಯಾಣದ ಶಾಸಕ ಗಯಾ ಲಾಲ್ ಹದಿನೈದು ದಿನದಲ್ಲಿ ಮೂರು ಸಲ ಪಾರ್ಟಿ ಬದಲಿಸಿ ‘ಆಯಾ ರಾಮ್ ಗಯಾ ರಾಮ್’ ಎಂಬ ಗಾದೆಯನ್ನೇ ದೇಶಕ್ಕೆ ಕೊಟ್ಟರು. ಹದಿನೈದು ದಿನಕ್ಕೆ ಪಂಚಾಂಗದವರು ಪಕ್ಷ ಎನ್ನುತ್ತಾರೆ. ಒಂದೇ ಪಕ್ಷದಲ್ಲಿ ಮೂರು ಪಕ್ಷ; ತಿಥಿ ಕೆಡಲಿಲ್ಲ. ಕಾಯ್ದೆ ಬಂದ ಮೇಲೆ ಓಟಕ್ಕೂ ವ್ಯಾಕರಣ ಬಂತು. ಏಕವಚನದಲ್ಲಿ ಓಡಿದರೆ ಪಕ್ಷಾಂತರ, ಅಪರಾಧ. ಮೂರನೇ ಒಂದು ಭಾಗ ಸೇರಿ ಬಹುವಚನದಲ್ಲಿ ಓಡಿದರೆ ವಿಭಜನೆ, ಗೌರವ. 2003ರ ತಿದ್ದುಪಡಿ ಈ ಬಾಗಿಲು ಮುಚ್ಚಿತು. ಮೂರನೇ ಎರಡು ಭಾಗ ಕೂಡಿಸಿಕೊಂಡು ವಿಲೀನ ಅನ್ನುವ ಕಿಟಕಿ ಇವತ್ತಿಗೂ ತೆರೆದೇ ಇದೆ.

ಕಿಟಕಿಯೂ ಎಟುಕದವರಿಗೆ ಕರ್ನಾಟಕ ಇನ್ನೂ ಸಲೀಸಾದ ಹಾದಿ ತೋರಿಸಿಕೊಟ್ಟಿತು: ರಾಜೀನಾಮೆ ಕೊಡು, ರೆಸಾರ್ಟ್ ಸೇರು, ಮತ್ತೆ ನಿಲ್ಲು. 2019ರಲ್ಲಿ 17 ಶಾಸಕರನ್ನು ಸ್ಪೀಕರ್ ಅನರ್ಹಗೊಳಿಸಿದರು. ನವೆಂಬರಿನಲ್ಲಿ ಸುಪ್ರೀಂ ಕೋರ್ಟ್ ಅನರ್ಹತೆ ಸರಿ ಎಂದಿತು, ಚುನಾವಣೆಗೂ ನಿಲ್ಲಬಹುದು ಎಂದಿತು. ಡಿಸೆಂಬರಿನ 15 ಕ್ಷೇತ್ರಗಳ ಉಪಚುನಾವಣೆಯಲ್ಲಿ 12 ಬಿಜೆಪಿಗೆ ಹೋದವು. ಫೆಬ್ರುವರಿಯಲ್ಲಿ 10 ಮಂದಿ ಮಂತ್ರಿಗಳು. ಅನರ್ಹರಿಂದ ಅರ್ಹರಾಗುವುದಕ್ಕೆ ಇಷ್ಟು ಬೇಗ ಯಾವ ಟ್ಯುಟೋರಿಯಲ್ಲೂ ಪಾಸು ಮಾಡಿಸಿದ್ದಿಲ್ಲ. ರೆಸಾರ್ಟ್ ವಿಷಯದಲ್ಲಿ ಯಾವ ಬಾವುಟಕ್ಕೂ ಮಡಿ ಇಲ್ಲ ಅನ್ನಿ. 2017ರಲ್ಲಿ ಗುಜರಾತಿನ ಕಾಂಗ್ರೆಸ್ ಶಾಸಕರನ್ನು ಕಾಪಾಡಿಕೊಳ್ಳಲು ಬಿಡದಿ ಹತ್ತಿರದ ರೆಸಾರ್ಟಿಗೇ ತಂದಿಟ್ಟಿದ್ದರು. ಎರಡೂ ಅರ್ಥದ ಪಾರ್ಟಿ ಒಂದೇ ಬಿಲ್ಲಿನಲ್ಲಿ ಸೇರುವ ಪುಣ್ಯಕ್ಷೇತ್ರ ಅದು.

ವಾಪಸ್ ಬರುವುದಕ್ಕೂ ತಾಯಿಯ ಬಾಗಿಲು ತೆರೆದೇ ಇರುತ್ತದೆ. ಮಾಜಿ ಮುಖ್ಯಮಂತ್ರಿ ಜಗದೀಶ ಶೆಟ್ಟರ್ ಟಿಕೆಟ್ ಸಿಗದೆ 2023ರ ಏಪ್ರಿಲ್‌ನಲ್ಲಿ ಬಿಜೆಪಿ ಬಿಟ್ಟು ಕಾಂಗ್ರೆಸ್ ಸೇರಿದರು, 2024ರ ಜನವರಿಯಲ್ಲಿ ಮರಳಿದರು. ಬೆರಳು ಮಡಚಿ ನೋಡಿ, ಒಂಬತ್ತು ತಿಂಗಳು ತುಂಬಿದೆ. ತಾಯಿ ಅನ್ನುವುದು ಬರೀ ಅಲಂಕಾರ ಎಂದುಕೊಂಡವರು ತೆಪ್ಪಗಿರಬೇಕು.

ಹಾಗಾದರೆ ಮತದಾರ ಯಾವ ಪಾರ್ಟಿ? ಉತ್ತರ ನಿಮ್ಮ ಸ್ಕೂಟರಿನ ಡಿಕ್ಕಿಯಲ್ಲೇ ಮಡಚಿಟ್ಟಿದೆ. ವಿಮೆ ಪತ್ರ ತೆಗೆದು ಓದಿ. ಗಾಡಿಯವನು ಮೊದಲನೇ ಪಾರ್ಟಿ, ಕಂಪನಿ ಎರಡನೇ ಪಾರ್ಟಿ. ಗಾಡಿಯೂ ತನ್ನದಲ್ಲದೆ, ಕಂಪನಿಯೂ ತನ್ನದಲ್ಲದೆ, ಸುಮ್ಮನೆ ರಸ್ತೆ ಬದಿ ನಡೆದುಹೋಗುತ್ತಾ ಗುದ್ದಿಸಿಕೊಳ್ಳುವವನು ಥರ್ಡ್ ಪಾರ್ಟಿ. ಅವನಿಗೆ ಪರಿಹಾರವಾದರೂ ಉಂಟು.

ಇದೆಲ್ಲ ಬೇಡವೆಂದೇ ಗ್ರಾಮ ಪಂಚಾಯಿತಿ ಚುನಾವಣೆಯಲ್ಲಿ ಪಕ್ಷದ ಚಿಹ್ನೆ ಇರಕೂಡದು ಎಂದು ನಮ್ಮ ರಾಜ್ಯದಲ್ಲಿ ನಿಯಮ ಮಾಡಿದ್ದಾರೆ. ಹಾಗಾಗಿ ಹಳ್ಳಿಯಲ್ಲಿ ಪಾರ್ಟಿ ಇಲ್ಲ. ಆ ಪಾರ್ಟಿ, ಈ ಪಾರ್ಟಿ ಅಂತ ಎರಡು ಮಾತ್ರ ಇವೆ. ಅಧ್ಯಕ್ಷರ ಆಯ್ಕೆ ಹತ್ತಿರ ಬಂದಾಗ ಒಂದು ಕಡೆಯ ಸದಸ್ಯರನ್ನೆಲ್ಲ ಟೆಂಪೊ ಟ್ರಾವೆಲರಿಗೆ ತುಂಬಿ ಧರ್ಮಸ್ಥಳಕ್ಕೋ ಕುಕ್ಕೆಗೋ ಹೊರಡಿಸುತ್ತಾರೆ. ಮೊಬೈಲುಗಳೆಲ್ಲ ಮುಖಂಡನ ಕೈಚೀಲದಲ್ಲಿ. ಗುಟ್ಟಾಗಿ ಅಡ್ವಾನ್ಸ್ ಕೊಟ್ಟವನು ಊರಿನ ಕಟ್ಟೆ ಮೇಲೆ ಕೂತು ಡ್ರೈವರಿಗೆ ಫೋನ್ ಹಚ್ಚುತ್ತಾನೆ: ‘ಎಲ್ಲಿಗೆ ಬಂತಪ್ಪ ಪಾರ್ಟಿ? ಊಟ ಮಾಡ್ತಾ?’